ಕಪಾಟಿನೊಳಗಿನ ಗುಳ್ಳವ್ವ

ಆಷಾಢದ ಜಿಟಿಜಿಟಿ ಮಳೆ ಬಿಡುವು ಕೊಟ್ಟಿತ್ತು. ಚಚಡಿ ಊರಿನ ಆಚೆಗಿನ ಕಪ್ಪು ಎರಿ ಹೊಲಗಳಲ್ಲಿ ಸೋಯಾಬೀನಿಗೆ ಎಡಿಕುಂಟಿ ಹೊಡೆಯುತ್ತಿದ್ದರು. ಕುಂಟಿಯ ಹಿಂದೆ ಹೆಂಗಸರು ಕೂತು ಕಸ ತೆಗೆಯುತ್ತಿದ್ದರು. ಊರಲ್ಲಿ ಕೆಲಸವಿಲ್ಲದೆ ಬೆವರುತ್ತಿದ್ದವರು ನಿಜಗುಣಪ್ಪ ಮಾಸ್ತರು ಒಬ್ಬರೇ. ಶಾಲೆಯ ಬಾಗಿಲಿಗೆ 'ಕಲಿಕಾ ಸಪ್ತಾಹ' ಎಂಬ ಬ್ಯಾನರು ಕಟ್ಟಿಸುತ್ತಿದ್ದರು. ಬ್ಯಾನರು ಬಾಗಿಲಿಗಿಂತ ದೊಡ್ಡದು. ಮಕ್ಕಳು ಅದರ ಕೆಳಗೆ ನುಸುಳಿ ಒಳಗೆ ಹೋದರು.

ಸೋಮವಾರ ಕಥೆ ಹೇಳುವ ದಿನ. ಸಾಗರ ಎಂಬ ಹುಡುಗ ನರಿಯ ಕಥೆ ಶುರು ಮಾಡಿದ. ನರಿ ಬಾವಿಗೆ ಬೀಳುವಷ್ಟರಲ್ಲಿ ಮಾಸ್ತರ ಫೋನಿನಲ್ಲಿ ಫೋಟೋ ಚೆನ್ನಾಗಿ ಬಂದಿತ್ತು.

"ಸಾಕು, ಕುಂದ್ರು" ಅಂದರು ಮಾಸ್ತರು.

ನರಿ ಬಾವಿಯಲ್ಲೇ ಉಳಿಯಿತು. ಫೋಟೋ ತಾಲೂಕಿನ ವಾಟ್ಸಾಪ್ ಗುಂಪಿಗೆ ಹೋಯಿತು, ಅಲ್ಲಿಂದ ಹೆಬ್ಬೆರಳುಗಳು ಬಂದವು. ಮಾಸ್ತರು ಸಂಜೆಯವರೆಗೆ ಅವನ್ನೇ ನೋಡುತ್ತ ಕೂತರು. ಏಳುವಾಗ ಹೇಳಿದರು: "ನಾಳಿ ಮಣ್ಣಿನ ಕೆಲಸ. ಎಲ್ಲಾರೂ ಮನ್ಯಾಗ ಏನರ ಮಾಡ್ಕೊಂಡ ಬರ್ರಿ. ಖಾಲಿ ಕೈಲೆ ಬಂದವರು ಹೊರಗ ನಿಂದರಬೇಕ."

ಮಂಗಳವಾರ ಗುಳ್ಳವ್ವನ ದಿನ. ಆಷಾಢದ ಮಂಗಳವಾರಗಳಲ್ಲಿ ಓಣಿಯ ಹುಡುಗಿಯರು ಹಳ್ಳದ ಮಣ್ಣು ತಂದು ಗುಳ್ಳವ್ವನೆಂಬ ದೇವಿಯನ್ನು ಮಾಡುತ್ತಾರೆ. ಸಂಜೆ ತಾಟಿನಲ್ಲಿಟ್ಟುಕೊಂಡು ಮನೆಮನೆಗೆ ಹೋಗಿ ಜೋಳ ನೀಡಿಸಿಕೊಳ್ಳುತ್ತಾರೆ. ಮರುದಿನ ಬುತ್ತಿ ಕಟ್ಟಿಕೊಂಡು ಹೋಗಿ ಹಳ್ಳಕ್ಕೆ ಬಿಡುತ್ತಾರೆ. ಈ ಸಲ ಮಾಡುವ ಪಾಳಿ ನಾಲ್ಕನೆಯ ಇಯತ್ತೆಯ ಉಮಾಶ್ರೀಯದು. ಹೋದ ವರ್ಷವೇ ಬೇಡಿದ್ದಳು, ಸಣ್ಣವಳೆಂದು ಕೊಟ್ಟಿರಲಿಲ್ಲ. ಅಜ್ಜಿ ಶಟ್ಟೆವ್ವನನ್ನೂ ಮುಟ್ಟಗೊಡದೆ ತಾನೇ ಮಣ್ಣು ನಾದಿ, ಗುಲಗಂಜಿಯ ಕಣ್ಣು, ಕುಸುಬಿಕಾಳಿನ ಸರ ಒತ್ತಿದ್ದಳು. ಮಣ್ಣು ಅಷ್ಟಕ್ಕೇ ಮುಗಿದಿತ್ತು. ಹೊರಗೆ ನಿಲ್ಲುವ ಹೆದರಿಕೆಗೆ ಗುಳ್ಳವ್ವನನ್ನೇ ಶಾಲೆಗೆ ಒಯ್ದಳು.

"ಸಂಜಿಕ ಗುಳ್ಳವ್ವ ಬೇಕ್ರಿ ಸರ್."

"ಒಯ್ಯಿವಂತೆ. ನಾ ಏನ್ ನುಂಗತೇನೇನು?"

ನುಂಗಲಿಲ್ಲ. ಕಪಾಟಿನಲ್ಲಿಟ್ಟು ಕೀಲಿ ಹಾಕಿ, ಕೀಲಿಕೈ ಕಿಸೆಗಿಳಿಸಿ, ಫೋನಿನ ಫೋಟೋಗಳ ಬಣ್ಣದ ಪ್ರಿಂಟು ತೆಗೆಸಲು ಬೈಲಹೊಂಗಲಕ್ಕೆ ಗಾಡಿ ಹೊಡೆದರು. ಆ ಸಂಜೆ ಓಣಿಯ ಹೆಂಗಸರು ಮೊರದಲ್ಲಿ ಜೋಳ ಹಿಡಿದು ಕಾದು ಒಳಗೆ ಹೋದರು. ಉಮಾಶ್ರೀ ಖಾಲಿ ತಾಟು ತೊಡೆಯ ಮೇಲಿಟ್ಟುಕೊಂಡು ಶಾಲೆಯ ಕಟ್ಟೆಯ ಮೇಲೆ ಕೂತಿದ್ದಳು.

ಮುಂಜಾನೆ ಶಟ್ಟೆವ್ವ ಬುತ್ತಿಯ ಗಂಟಿನ ಸಮೇತ ಬಂದಳು.

"ಮಾಸ್ತರ, ಗುಳ್ಳವ್ವನ್ನ ಕೊಡ್ರಿ. ಇವತ್ತ ಕಳಸೂದೈತಿ."

"ಶನಿವಾರ ಶಾಲಿ ನೋಡಾಕ ತಾಲೂಕಿನ ಸಾಹೇಬ್ರು ಬರತಾರ ಬೇ ಯಮ್ಮಾ. ಉಳಿದ ಹುಡುಗರು ತಂದದ್ದು ಬರೇ ಮಣ್ಣಿನ ಉಂಡಿ. ತೋರಸಾಕ ಇದೊಂದ ಐತಿ."

"ಗುಳ್ಳವ್ವ ಅಂದ್ರ ತೋರಸೂ ಸಾಮಾನೇನ್ರಿ?"

"ಮಣ್ಣ ಅಲ್ಲೇನ? ಇನ್ನೊಂದ ಮಾಡ್ಕೋರಿ. ಹಳ್ಳದಾಗ ಮಣ್ಣ ತೀರೈತೇನು?"

"ನಿಮ್ಮ ಅಕ್ಕ-ತಂಗೇರು ಮಾಡಿದಾಗೂ ಹಿಂಗ ಅಂತಿದ್ರೇನ್ರಿ?"

ರಾಮದುರ್ಗ ಕಡೆಯ ಒಕ್ಕಲು ಮನೆಯಲ್ಲಿ ಹುಟ್ಟಿ, ಗುಳ್ಳವ್ವನನ್ನು ನೋಡುತ್ತಲೇ ಬೆಳೆದ ಮಾಸ್ತರು ನಕ್ಕರು. "ಶನಿವಾರ ಸಂಜಿಕ ನಾನ ಮನಿಗೆ ತಂದ ಕೊಡತೇನಿ. ಮಾತಂದ್ರ ಮಾತು."

ಬುತ್ತಿಯನ್ನು ಹುಡುಗಿಯರು ಮನೆಯ ಪಡಸಾಲೆಯಲ್ಲೇ ಬಿಚ್ಚಿ ಉಂಡರು.

ಗುರುವಾರ ಶಾಲೆಯೊಳಗೆ ಮಕ್ಕಳ ಸಂತೆ. ಫೋಟೋ ಮುಗಿದ ಮೇಲೆ ಮಾರಾಟವಾಗದ ಮೆಂತ್ಯಪಲ್ಲೆ ಮಾಸ್ತರ ಗಾಡಿಯ ಡಿಕ್ಕಿ ಸೇರಿತು. ಶುಕ್ರವಾರ, ಸಾಹೇಬರು ಕೇಳಲಿರುವ ಪ್ರಶ್ನೆಗಳ ತಾಲೀಮು. "ಕೇಳಿದ ಕೂಡಲೆ ಹೇಳಬ್ಯಾಡ್ರಿ. ಜರಾ ವಿಚಾರ ಮಾಡಿದಂಗ ಮಾಡಿ ಹೇಳ್ರಿ" ಅಂದರು. ಇಡೀ ವಾರದಲ್ಲಿ ವಿಚಾರದ ಸುದ್ದಿ ಬಂದದ್ದು ಅದೊಂದೇ ಸಲ.

ಶನಿವಾರ ಸಾಹೇಬರು ಬಂದರು, ಚಹಾ ಆರುವಷ್ಟು ಹೊತ್ತೂ ನಿಲ್ಲಲಿಲ್ಲ. ಟೇಬಲ್ಲಿನ ಮೇಲೆ ಗುಳ್ಳವ್ವ ಒಣಗಿ ಎದೆ ಬಿರಿದಿದ್ದಳು, ಒಂದು ಕಣ್ಣು ಉದುರಿತ್ತು. ಕೊರಳಿಗೆ 'ಮಣ್ಣಿನ ಗೊಂಬೆ' ಎಂಬ ಚೀಟಿ.

"ಚೊಲೋ ಐತಲ್ರಿ. ನಮ್ಮ ಆಫೀಸಿನ್ಯಾಗ ಇಡೂಣು."

ಮಾಸ್ತರು ತಾವೇ ಹಳೆಯ ಪೇಪರಿನಲ್ಲಿ ಸುತ್ತಿ ಜೀಪಿನಲ್ಲಿಟ್ಟರು. ಉಮಾಶ್ರೀ ಓಡಿ ಬಂದಳು.

"ಸರ್, ನಮ್ಮ ಗುಳ್ಳವ್ವ..."

"ಸಾಹೇಬ್ರಿಗೆ ನಮಸ್ಕಾರ ಮಾಡು!"

ಅಷ್ಟರಲ್ಲಿ ಫೋಟೋ ಆಯಿತು. ಹುಡುಗಿ ನಗದೆ ಇದ್ದುದರಿಂದ ಅದನ್ನು ಗುಂಪಿಗೆ ಹಾಕಲಿಲ್ಲ. ಬ್ಯಾನರು ಬಿಚ್ಚಿ ಮಡಚಿ ಕಪಾಟಿಗೆ ಹಾಕಿದರು. ಮನೆಗೆ ತಂದು ಕೊಡುವ ಮಾತೂ ಅದರ ಸಂಗಡವೇ ಹೋಯಿತು.

ಮುಂದಿನ ಮಂಗಳವಾರ ಹುಡುಗಿಯರು ಹೊಸ ಗುಳ್ಳವ್ವನೊಂದಿಗೆ ಹೊರಟರು. ಅದೇ ಓಣಿಯಲ್ಲಿ ಮಾಸ್ತರ ಬಾಡಿಗೆ ಮನೆ. ಹೆಂಡತಿ ಗುರುಬಸವ್ವ ಮೊರದ ತುಂಬ ಜೋಳ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಪಕ್ಕದಲ್ಲಿ ಮಾಸ್ತರು ಫೋನು ಎತ್ತಿ ಹಿಡಿದು ತಯಾರಾಗಿದ್ದರು.

ಹುಡುಗಿಯರು ನಿಲ್ಲದೆ ಮುಂದೆ ಹೋದರು.

"ಏ ಉಮಾಶ್ರೀ! ನಮ್ಮ ಮನೀ ಬಿಟ್ರೆಲ್ಲ?"

ಹುಡುಗಿ ತಿರುಗಿ ನಿಂತಳು. "ಹೋದ ವಾರದಾಕಿ ಇನ್ನೂ ನಿಮ್ಮ ಕಡಿಂದ ಬರಬೇಕರಿ ಸರ್. ಅಕೀನ್ನ ಕೊಟ್ಟ ಮ್ಯಾಲೆ ನೀಡಸ್ಕೋತೇವಿ."

"ಹುಡುಗೂರದು ಏನ ಇಟ್ಕೊಂಡೀರಿ?" ಗುರುಬಸವ್ವ ಗಂಡನನ್ನು ಕೇಳಿದಳು.

ಮಾಸ್ತರು ಫೋನು ಕಿಸೆಗೆ ಹಾಕಿಕೊಂಡು ಒಳಗೆ ನಡೆದರು. ಆಚೆ ಮನೆಯ ಜೋಳ ತಾಟಿಗೆ ಬಿದ್ದ ಸದ್ದು ಕೇಳಿತು. ಗುರುಬಸವ್ವ ತುಂಬಿದ ಮೊರ ಹಿಡಿದುಕೊಂಡು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು.