ನಲ್ಲಿಗೆ ಹಾಕಿದ ಹಾರ

ತೊಟ್ಟಿಕ್ಕುತ್ತಿದೆ, ಠಾಣೆಯ ಮೂಲೆಯಲ್ಲಿಟ್ಟಿರುವ ನೀರಿನ ಕ್ಯಾನಿನ ನಲ್ಲಿ, ಕೆಳಗೆ ಯಾರೋ ಸ್ಟೀಲು ಲೋಟ ಇಟ್ಟಿದ್ದಾರೆ, ಲೋಟ ತುಂಬಿ ನೆಲಕ್ಕೂ ಹರಿದಿದೆ, ಒಂದು ಸಲ ಬಿಗಿಯಾಗಿ ತಿರುಗಿಸಿದರೆ ನಿಲ್ಲುತ್ತದೆ, ಯಾರಿಗೂ ಹಾಗನ್ನಿಸಿಲ್ಲ — ಎದ್ದು ಹೋಗಿ ತಿರುಗಿಸಲೇ, ಬೇಡ, ಠಾಣೆಗೆ ಬಂದವಳು ಸರ್ಕಾರದ ನಲ್ಲಿಗೆ ಕೈ ಹಾಕಿದಳು ಅಂತ ಅದಕ್ಕೊಂದು ಕೇಸು ಬೇರೆ, ಇರುವ ನಲ್ಲಿಯೊಂದೇ ಸಾಕಾಗಿದೆ. ಕೂತ್ಕೊಳಿ ಟೀಚರ್, ಸಾಹೇಬ್ರು ಫೋನಲ್ಲವ್ರೆ, ಅಂತ ಬೆಂಚು ತೋರಿಸಿ ಒಳಗೆ ಹೋದ ಪೇದೆ ವಾಣಿಶ್ರೀ ಇನ್ನೂ ಹೊರಗೆ ಬಂದಿಲ್ಲ. ಟೀಚರ್ ಅಂದರು, ಸದ್ಯ, ನಾಳೆಯೂ ಹಾಗೆ ಅನ್ನಿಸಿಕೊಳ್ಳುತ್ತೇನೋ ಇಲ್ಲವೋ. ಅತಿಥಿ ಶಿಕ್ಷಕಿ, ವರ್ಷ ವರ್ಷವೂ ಮತ್ತೆ ಕರೆದರೆ ಉಂಟು, ಕರೆಯದಿದ್ದರೆ ಇಲ್ಲ. ನಿನ್ನೆ ಠಾಣೆಯಿಂದ ಫೋನು ಬಂದಾಗ ಎಂಟನೇ ಕ್ಲಾಸಿಗೆ ಸಂಧಿ ಹೇಳಿಕೊಡುತ್ತಿದ್ದೆ, ಕಾವ್ಯಶ್ರೀ ಅಂದ್ರೆ ನೀವೇನಮ್ಮ, ಬೆಟ್ಟದಡಿ ಅನ್ನೋ ಪೇಜ್ ನಡೆಸೋದು ನೀವೇ ತಾನೆ, ನಾಳೆ ಬೆಳಿಗ್ಗೆ ಫೋನ್ ತಗೊಂಡು ಬನ್ನಿ, ನಮ್ಮೆದುರಿಗೇ ಆ ನಲ್ಲಿ ಪೋಸ್ಟ್ ಡಿಲೀಟ್ ಮಾಡಿ ಹೋಗಿ, ಇಲ್ದಿದ್ರೆ ಸುಳ್ಳು ಸುದ್ದಿ ಅಂತ ಹೊಸ ನಿಯಮದಲ್ಲಿ ಕೇಸ್ ಹಾಕಬೇಕಾಗುತ್ತೆ. ಕೇಸು ಬಿದ್ದವಳನ್ನು ಯಾವ ಶಾಲೆ ಕರೆಯುತ್ತದೆ. ಹೆಡ್‌ಮಾಸ್ಟರು ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಕನ್ನಡಕ ತೆಗೆದು ಒರೆಸಿದರು, ಒರೆಸುತ್ತಲೇ ಇದ್ದರು, ಪಾಪ ಅಂತಲೂ ಅನ್ನಿಸಿತು, ಸಿಟ್ಟೂ ಬಂತು.

ಪೋಸ್ಟು ಅಂದರೆ ಏನು ಮಹಾ, ಒಂದು ಫೋಟೊ, ಅದರ ಕೆಳಗೆ ನಾಲ್ಕು ಸಾಲು. ನಮ್ಮ ಮನೆಯ ಸೂರಿನ ಕೆಳಗಿರುವ ನಲ್ಲಿ, ಅದರ ಕೊರಳಿಗೆ ಚೆಂಡುಹೂವಿನ ಹಾರ, ಒಣಗಿ ಕಂದು ಬಣ್ಣಕ್ಕೆ ತಿರುಗಿದ ಹಾರ, ಅಲ್ಲಲ್ಲಿ ಹೂವು ಉದುರಿ ದಾರ ಕಾಣುತ್ತಿದೆ. ಯುಗಾದಿಗೆ ಮುಂಚೆ ಉದ್ಘಾಟನೆ ಆಯಿತು, ಈಗ ಗೌರಿ ಹಬ್ಬವೂ ಕಳೆಯಿತು, ಅವತ್ತಿನಿಂದ ಹನಿ ನೀರಿಲ್ಲ, ಮನೆಮನೆಗೂ ನೀರು ಕೊಟ್ಟಿದ್ದೇವೆ ಅಂತ ಬೋರ್ಡು ಹಾಕಿಸಿದವರು ಒಂದು ಸಲ ಬಂದು ಈ ನಲ್ಲಿ ತಿರುಗಿಸಿ ನೋಡಲಿ — ಇಷ್ಟೇ ಬರೆದದ್ದು. ಬಸ್ಸು ಬರುವುದಿಲ್ಲ ಅಂತ ಬರೆದಿದ್ದೆ, ರೇಷನ್ ಅಕ್ಕಿಯಲ್ಲಿ ಹುಳು ಅಂತ ಬರೆದಿದ್ದೆ, ಆಗ ಯಾರೂ ಕೆಮ್ಮಲಿಲ್ಲ, ಈ ನಲ್ಲಿಯನ್ನು ಮಾತ್ರ ಜನ ಎತ್ತಿಕೊಂಡು ಓಡಿದರು, ಹ್ಯಾಂಡ್‌ಪೋಸ್ಟ್ ಕಡೆಯ ಯಾರೋ ತಮ್ಮ ನಲ್ಲಿಯ ಫೋಟೊ ಹಾಕಿದರು, ಹುಣಸೂರಿನವರು ಹಾಕಿದರು, ಬೈಲಕುಪ್ಪೆ ದಾರಿಯ ಹಳ್ಳಿಯವರು ಹಾಕಿದರು, ಮೂರು ತಾಲ್ಲೂಕಿನ ಒಣ ನಲ್ಲಿಗಳೆಲ್ಲ ನನ್ನ ಪೇಜಿಗೆ ನೆಂಟರ ಹಾಗೆ ಬಂದು ಕೂತವು. ಆಮೇಲೆ ಬಂತು ಅದು, ಸುಳ್ಳು ಸುದ್ದಿ ಪತ್ತೆ ಘಟಕ, ಎಲ್ಲಿದೆಯೋ, ಯಾರಿದ್ದಾರೋ, ನನ್ನದೇ ಫೋಟೊ, ಅದರ ಮೇಲೆ ಅಡ್ಡಡ್ಡ ಕೆಂಪು ಅಕ್ಷರದಲ್ಲಿ ಸುಳ್ಳು, ಸರಿಯಾಗಿ ಹಾರದ ಮೇಲೆ. ಕಾರಣವನ್ನೂ ಬರೆದಿದ್ದರು, ನಲ್ಲಿಯ ಮೇಲೆ ಉದ್ಘಾಟನೆಯ ಹಾರ ಇನ್ನೂ ಇರುವುದರಿಂದ ಇದು ಉದ್ಘಾಟನೆಯ ದಿನ, ನೀರು ಬಿಡುವ ಮುಂಚೆ ತೆಗೆದ ಹಳೆಯ ಚಿತ್ರ. ಓದಿ ನಗು ಬಂದುಬಿಟ್ಟಿತು. ಹೂವು ಒಣಗಿರುವುದೂ ಕಾಣಲಿಲ್ಲವೇ ಇವರಿಗೆ, ಫ್ಯಾನಿನ ಕೆಳಗೆ ಕೂತು ನಮ್ಮ ಅಂಗಳವನ್ನು ನೋಡಿದರೆ ಇನ್ನೇನು ಕಾಣುತ್ತದೆ.

ಹಾರ ಯಾಕಿದೆ ಅಂತ ನಮ್ಮ ಬೀದಿಯ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು. ಅವತ್ತು ದೊಡ್ಡವರು ಬರುವ ಮುಂಚೆಯೇ ನಮ್ಮತ್ತೆ ಸಾಕಮ್ಮ ನಲ್ಲಿಯನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ತಾನೇ ಕಟ್ಟಿದ ಹಾರ ಹಾಕಿ, ಬಾರವ್ವ ಗಂಗಮ್ಮ ಅಂತ ಕೈಮುಗಿದರು, ಸೊಂಟದ ಮೇಲೆ ಬಿಂದಿಗೆ ಹೊತ್ತೇ ಮುದುಕಿಯಾದವರು, ಮನೆ ಬಾಗಿಲಿಗೆ ನೀರು ಅಂದರೆ ಅವರಿಗೆ ಸಣ್ಣ ಮಾತೇ. ನೀರು ಬಂತು, ಬರಲಿಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ, ಶಾಲೆಯ ಹಿಂದೆ ಟ್ಯಾಂಕರ್ ನಿಲ್ಲಿಸಿ ಪೈಪಿಗೆ ಜೋಡಿಸಿದ್ದರು, ಭಾಷಣ ಮುಗಿಯುವವರೆಗೆ ಬಂತು, ಅತ್ತೆ ಎರಡು ಕೈಯಲ್ಲೂ ಹಿಡಿದು ಮುಖಕ್ಕೆ ಎರಚಿಕೊಂಡು ನಕ್ಕರು, ಆ ನಗುವಿನ ಫೋಟೊವನ್ನೂ ನಾನೇ ಹಾಕಿದ್ದೆ, ಅದನ್ನು ಯಾರೂ ಸುಳ್ಳು ಅನ್ನಲಿಲ್ಲ. ಕಾರುಗಳು ಹೋದವು, ಟ್ಯಾಂಕರೂ ಹೋಯಿತು, ಪೈಪು ಇವತ್ತಿಗೂ ರಸ್ತೆಯ ಆ ಬದಿಯಲ್ಲೇ ಬಾಯಿ ಬಿಟ್ಟುಕೊಂಡು ಬಿದ್ದಿದೆ. ಹೂವು ಬಾಡಿತು, ತೆಗೀತೀನಿ ಅತ್ತೆ ಅಂದೆ, ಮುಟ್ಟಬ್ಯಾಡ ಅಂದರು. ಪೂಜೆಗೆ ಇಟ್ಟ ಹೂವನ್ನು ತಿಪ್ಪೆಗೆ ಹಾಕುವ ಹಾಗಿಲ್ಲ, ಹರಿಯುವ ನೀರಿಗೆ ಬಿಡಬೇಕು, ಅದು ನನಗೂ ಗೊತ್ತು, ಹಾಗಾದ್ರೆ ಕೆರೆ ಕೋಡಿಗೆ ಬಿಟ್ಟು ಬರ್ತೀನಿ ಅಂದೆ. ಕೆರೆಗೆ ಯಾಕವ್ವ, ನಾನ್ ಕೆರೆಗ್ ಆಕಿದ್ನಾ, ಈ ನೀರ್ಗಲ್ವಾ ಆಕಿದ್ದು, ಈ ನೀರೇ ಬಂದು ತಕ್ಕೊಂಡ್ ಓಗ್ಲಿ ಬುಡು. ಹಠ, ನಮ್ಮತ್ತೆಯ ಹಠ ಇಡೀ ಬೆಟ್ಟದಪುರಕ್ಕೇ ಗೊತ್ತು. ಮಳೆ ಬಂದಾಗ ಇರಚಲು ಬಡಿಯದಿರಲಿ ಅಂತ ಸೂರಿಗೆ ಗೋಣಿ ಕಟ್ಟಿದ್ದಾರೆ, ಬೆಳಿಗ್ಗೆ ಎದ್ದವರೇ ನಲ್ಲಿ ತಿರುಗಿಸುತ್ತಾರೆ, ಗಾಳಿ ಬರುತ್ತದೆ, ಮತ್ತೆ ನಿಲ್ಲಿಸಿ ಬಿಂದಿಗೆ ಎತ್ತಿಕೊಂಡು ಬೋರ್‌ವೆಲ್ ಕಡೆ ಹೋಗುತ್ತಾರೆ, ಹಾರ ಅಲ್ಲೇ ಇರುತ್ತದೆ.

ಅವರಿಗೆ ಓದಲು ಬರುವುದಿಲ್ಲ, ಅದೇ ಒಳ್ಳೆಯದಾಯಿತು ಅಂತ ಮೊದಲ ಸಲ ಅನ್ನಿಸಿದ್ದು ಮೊನ್ನೆ, ಆದರೆ ಓದು ಬರದವರಿಗೂ ಕೆಂಪು ಬಣ್ಣ ಕಾಣುತ್ತದಲ್ಲ. ಫೋನಿನೊಳಗೆ ಇಣುಕಿ, ನಮ್ ನಲ್ಲಿ ಅಲ್ವಾ ಇದು, ಅದೇನವ್ವ ಅದ್ರ ಮ್ಯಾಲೆ ಕೆಂಪ್ಗೆ ಬರ್ದವ್ರೆ. ಏನೂ ಇಲ್ಲ ಅತ್ತೆ ಅಂದುಬಿಡಬಹುದಿತ್ತು, ಅನ್ನಲು ಬಾಯಿ ಬರಲಿಲ್ಲ, ಸುಳ್ಳು ಅಂತ ಬರೆದಿದ್ದಾರೆ ಅಂದೆ. ಸ್ವಲ್ಪ ಹೊತ್ತು ಹಾರವನ್ನೇ ನೋಡಿದರು. ಯಾರ್ ಸುಳ್ಳು, ನಾನಾ. ಅಷ್ಟೇ ಕೇಳಿದ್ದು, ಈಗಲೂ ಕಿವಿಯಲ್ಲಿದೆ, ಈ ಬೆಂಚಿನ ಮೇಲೆ. ಗಂಡ ನಟರಾಜು ಹೇಳುವುದರಲ್ಲೂ ತಪ್ಪಿಲ್ಲ, ಬುಡು ಕಣೆ ಕಾವ್ಯ ಅತ್ಲಾಗೆ, ಒಂದ್ ಫೋಟೊ ತಾನೆ, ತಗ್ದಾಕಿ ಕೆಲ್ಸ ಉಳ್ಸ್ಕೋ, ನೀನ್ ಬರ್ದ್ರೆ ನೀರ್ ಬತ್ತದಾ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆ ಮುಂದೆ ಕೂತು ಒಲೆಗೆ ಸೌದೆ ನೂಕುತ್ತಾ ಹೇಳಿದರು, ಒಳಗೆ ಸೊಪ್ಪು ಬೇಯುತ್ತಿದೆ, ಬೆಂಕಿ ಬಿಟ್ಟು ಏಳುವ ಹಾಗಿಲ್ಲ, ಅದಕ್ಕೇ ನನ್ನ ಜೊತೆ ಬರಲಿಲ್ಲ, ಬರಲಾಗಲಿಲ್ಲ ಅಂತ ಮುಖ ಸಣ್ಣ ಮಾಡಿಕೊಂಡಿದ್ದರು. ಒಂದು ಬೆರಳು ಸಾಕು, ಒತ್ತಿದರೆ ಮುಗಿಯಿತು, ಮುಂದಿನ ಬಸ್ಸಿಗೇ ಹೋಗಿ ಸಂಧಿ ಪಾಠ ಮುಂದುವರಿಸಬಹುದು, ಆದರೆ ಬೇಕಿದ್ದರೆ ಮೇಲಿನವರೇ ಪೋಸ್ಟು ಕಿತ್ತುಹಾಕಲಿ, ಅದು ಅವರ ಕೆಲಸ, ನನ್ನ ಕೈಯಲ್ಲೇ ಯಾಕೆ ತೆಗೆಸಬೇಕು — ನಾನೇ ತೆಗೆದರೆ ಆ ಕೆಂಪು ಅಕ್ಷರ ನಿಜವಾಗುತ್ತದೆ, ನೋಡಿ ಅವಳೇ ಒಪ್ಪಿಕೊಂಡಳು ಅಂತಾರೆ, ಆಮೇಲೆ ಮನೆಗೆ ಹೋಗಿ ಅತ್ತೆಗೆ ಏನು ಹೇಳಲಿ, ಹೌದು ಅತ್ತೆ, ನೀವೇ ಸುಳ್ಳು ಅನ್ನಲೇ. ಆಗುವುದಿಲ್ಲ. ಕೆಲಸ ಹೋಗಲಿ, ಬ್ಯಾರನ್ ಮುಂದೆ ಸೊಪ್ಪು ಕಟ್ಟಲು ಕೂರುತ್ತೇನೆ, ಹೆದರಿಕೆ ಇಲ್ಲ ಅಂತಲ್ಲ, ಇದೆ.

ಫೋನು ನಡುಗಿತು, ನಮ್ಮವರು. ಏನ್ರೀ ಅಂದೆ. ಕಾವ್ಯಾ, ಸುನೀಲ್‌ಕುಮಾರ ಬಂದವ್ನೆ ಕಣೆ, ಪಂಚಾಯ್ತಿ ಜನಾನೂ ಕರ್ಕಂಡು, ನಲ್ಲಿಯಿಂದ ಹಾರ ಬಿಚ್ರಿ ಅಂತಾವ್ನೆ. ಪಂಚಾಯಿತಿ ಮೆಂಬರು, ನನ್ನ ಮೇಲೆ ದೂರು ಕೊಟ್ಟವನೂ ಅವನೇ, ಫೋಟೊ ಹಳೆಯದು ಅಂದಮೇಲೆ ಹಾರ ಇನ್ನೂ ಅಲ್ಲೇ ಇದ್ದರೆ ಹೇಗೆ, ಅದಕ್ಕೇ ಓಡಿ ಬಂದಿದ್ದಾನೆ. ನೀವೆಲ್ಲಿದ್ದೀರಿ ಅಂದೆ, ಇಲ್ಲೇ ಅಂಗಳದಲ್ಲೇ, ಬೆಂಕಿ ಏನಾದ್ರೂ ಆಗ್ಲಿ ಅಂತ ಎದ್ದು ಬಂದೆ ಅಂದರು, ಅಯ್ಯೋ ಸೊಪ್ಪು ಕೆಡುತ್ತದಲ್ರೀ ಅಂದೆ, ಕೆಟ್ರೆ ಕೆಡ್ಲಿ ಬುಡು ಅಂದರು, ಬೆಳಿಗ್ಗೆ ಮುಖ ಸಣ್ಣ ಮಾಡಿಕೊಂಡಿದ್ದ ಅದೇ ನಟರಾಜು. ಅತ್ತೆ ಏನ್ಮಾಡ್ತಿದ್ದಾರೆ ಅಂದೆ. ಅವ್ವ ನಲ್ಲಿ ಇಡ್ಕಂಡ್ ಕೂತದೆ, ನೀರ್ ಬುಡಪ್ಪ, ನಾನೇ ಬಿಚ್ತೀನಿ ಅಂತದೆ, ಬ್ಯಾರೇ ಮಾತೇ ಆಡ್ತಿಲ್ಲ. ಹಿಂದೆ ಅವರ ದನಿ ಕೇಳಿಸುತ್ತಿದೆ, ಸಣ್ಣಗೆ, ನೀರ್ ಬುಡಪ್ಪ, ನೀರ್ ಬುಡಪ್ಪ, ಹಾಡು ಹೇಳುವ ಹಾಗೆ, ಕೋಪವೇ ಇಲ್ಲದ ಹಾಗೆ — ಒಳಗೆ ಬರ್ಬೇಕಂತೆ ಟೀಚರ್, ವಾಣಿಶ್ರೀ ಬಾಗಿಲಲ್ಲಿ ನಿಂತಿದ್ದಾರೆ.

ಸಾಹೇಬರ ಮೇಜಿನ ಮೇಲೂ ಅದೇ ಚಿತ್ರ, ಪ್ರಿಂಟು ತೆಗೆದಿಟ್ಟುಕೊಂಡಿದ್ದಾರೆ. ಹಾರದ ಕತೆ ಹೇಳಿದೆ, ಪೂರ್ತಿ ಕೇಳಿದರು, ತಡೆಯಲಿಲ್ಲ, ನಮ್ಮ ತಾಯಿನೂ ಹಂಗೇ ಮಾಡೋದು, ಪೂಜೆ ಹೂವನ್ನ ಕಾಲುವೆಗೇ ಬಿಡೋದು ಅಂದರು, ಆ ಒಂದು ಕ್ಷಣ ಅವರೂ ಯಾವುದೋ ಅಂಗಳದ ಮಗನ ಹಾಗೆ ಕಂಡರು, ಗೆದ್ದೆ ಅಂದುಕೊಂಡೆ, ದಡ್ಡಿ. ಆದ್ರೆ ನೋಡಿಮ್ಮ, ನಿಜಾನೋ ಸುಳ್ಳೋ ಅಂತ ಹೇಳೋದು ನನ್ನ ಕೆಲಸ ಅಲ್ಲ, ಮೇಲಿಂದ ಸುಳ್ಳು ಅಂತ ಬಂದಿದೆ, ತೆಗೆಸೋದಷ್ಟೇ ನನ್ನ ಕೆಲಸ, ಡಿಲೀಟ್ ಮಾಡಿಬಿಡಿ, ಕೇಸ್ ಬೇಡ, ಮರ್ಯಾದಸ್ಥರು ನೀವು. ಬೆರಳು ಫೋನಿನ ಮೇಲೇ ಇದೆ. ನೀರು ಬಿಡಿಸಿ ಸಾರ್, ನಾನೇ ತೆಗೀತೀನಿ ಅಂದೆ. ಏನಂದ್ರಿ. ನೀರು ಬಂದ ದಿನ ನಾನೇ ತೆಗೀತೀನಿ, ಹಾರ ನಮ್ಮತ್ತೆ ತೆಗೀತಾರೆ, ಅಲ್ಲಿವರೆಗೆ ಎರಡೂ ಇರುತ್ತೆ, ನೀವು ಕೇಸ್ ಹಾಕಿ. ನನ್ನದೇ ದನಿಯೇ ಇದು. ಕುರ್ಚಿ ಹಿಂದಕ್ಕೆ ಸರಿಯಿತು, ಹಾಗಾದ್ರೆ ಫೋನ್ ಇಲ್ಲಿಡಿ ಅಂದರು, ಇಟ್ಟೆ, ಪರದೆ ಮೇಲೆ ಮಾಡಿ ಇಟ್ಟೆ, ಇಬ್ಬರೂ ನೋಡುತ್ತಿದ್ದೇವೆ, ಪರದೆ ಮಂಕಾಯಿತು, ಆರಿತು, ಹೊರಗೆ ಕ್ಯಾನು ತೊಟ್ಟಿಕ್ಕುತ್ತಿದೆ, ಕೇಸು, ಶಾಲೆ, ಕೆಡುತ್ತಿರುವ ಸೊಪ್ಪು, ಯೋಚಿಸಬೇಕು, ಯೋಚನೆ ಮುಂದೆ ಹೋಗುತ್ತಿಲ್ಲ, ಪರದೆ ಆರಿದರೂ ಕಾಣುತ್ತಿದೆ, ಸೂರಿನ ಕೆಳಗೆ ನಲ್ಲಿ, ನಲ್ಲಿಯ ಕೊರಳಲ್ಲಿ ಹಾರ, ಒಣಗಿದ ಹಾರ, ಹಾರದ ಮೇಲೆ ಅತ್ತೆಯ ಕೈ.