ಬಲಗಡೆಯ ಕೊನೆಯ ಗುಂಡಿ

ಅಣ್ಣನ ಮಗನ ಮೇಲೆ ನನಗೆ ಅನುಮಾನ ಹುಟ್ಟಿದ್ದು ಅವನ ಕೈ ನೋಡಿ. ಚರ್ಚಿನಲ್ಲಿ ನಾನು ಆರ್ಗನ್ ನುಡಿಸುವಾಗ ಪಕ್ಕದಲ್ಲಿ ನಿಂತು ಹಾಳೆ ತಿರುವುವುದು ಅವನ ಕೆಲಸ. ತಿರುವಿದ ಕೈ ಸುಮ್ಮನೆ ವಾಪಸ್ಸು ಹೋಗಬೇಕೋ ಬೇಡವೋ? ಬಲಗಡೆಯ ಕೊನೆಯ ಗುಂಡಿಯನ್ನು ಮೆಲ್ಲಗೆ ಒಳಕ್ಕೆ ತಳ್ಳಿಬಿಟ್ಟಿತು. ಆ ಗುಂಡಿ ಎಳೆದರೆ ಬೆರಳಿಗಿಂತ ಚಿಕ್ಕ ಕೊಳವೆಗಳು ತೀರಾ ಮೇಲಿನ ಸ್ವರದಲ್ಲಿ ದನಿಗೂಡಿಸುತ್ತವೆ, ತಳ್ಳಿದರೆ ಸುಮ್ಮನಾಗುತ್ತವೆ. ಇಡೀ ವಾದ್ಯಕ್ಕೆ ಹೊಳಪು ಬರುವುದೇ ಅಲ್ಲಿಂದ.

"ಏನೋ ಅದು?" ಎಂದೆ.

"ಅದು ಬೇಡ ಅತ್ತೆ, ಜಾಸ್ತಿಯಾಯ್ತು."

ನನಗೇ ಪಾಠ! ಇವನಿಗೆ ಬೆರಳಿಡುವುದನ್ನು ಕಲಿಸಿದವಳು ನಾನು. ಊರೂರು ಸುತ್ತಿ ಕಚೇರಿ ಕೊಟ್ಟವಳು, ಈ ಬೆಂಚಿನ ಮೇಲೇ ತಲೆ ನೆರೆಸಿಕೊಂಡವಳು.

ಆಮೇಲಾಮೇಲೆ ಆ ಗುಂಡಿ ಎಳೆದರೂ ಹೊಳಪು ಬರಲಿಲ್ಲ. ಎಲ್ಲ ಮಂಕು. ಭಾನುವಾರ ನನ್ನ ದೊಡ್ಡ ಕಚೇರಿ. ಅದು ಕೆಟ್ಟರೆ ಬೆಂಚು ಯಾರ ಪಾಲು? ಇವನದೇ. ಇವನೂ ಪಾದ್ರಿಯೂ ಮೆಟ್ಟಿಲ ಬಳಿ ಗುಸುಗುಸು ಅನ್ನುತ್ತಿದ್ದವರು ನನ್ನನ್ನು ಕಂಡದ್ದೇ ತಡ, ಸೆಕೆಯ ಮಾತು ತೆಗೆದರು. ಯಾರ ಕಿವಿಗೆ ಹೂವಿಡುತ್ತಾರೆ ಇವರು!

ಶನಿವಾರ ಬೆಳಗ್ಗೆ ಅವನ ರಟ್ಟೆ ಹಿಡಿದು ಆರ್ಗನ್ ಇರುವ ಮಹಡಿಗೆ ಎಳೆದುಕೊಂಡು ಹೋದೆ. ಬೆಂಚಿನ ಮೇಲೆ ಕೂತು, ಉಳಿದ ಗುಂಡಿಗಳನ್ನೆಲ್ಲ ಒಳಕ್ಕೆ ತಳ್ಳಿ ಅದೊಂದನ್ನೇ ಎಳೆದೆ. ಬಲತುದಿಯ ಕಟ್ಟಕಡೆಯ ಕೀಯನ್ನು ಒತ್ತಿ ಹಿಡಿದೆ.

"ಏನಾದ್ರೂ ಬರ್ತಿದೆಯಾ? ಕೊಳವೆಗೆ ಏನು ತುರುಕಿದೀಯ, ಬೊಗಳು!"

ಅವನು ಮುಖ ಕಿವುಚಿಕೊಂಡು ನಿಂತಿದ್ದ. ನಾಟಕ ಅಂದುಕೊಂಡೆ.

"ನಾಲಿಗೆ ಬಿದ್ದುಹೋಯ್ತಾ?"

"ಅತ್ತೆ, ಕನ್ನಡಿ ನೋಡಿ" ಎಂದ.

ಆರ್ಗನ್ ನುಡಿಸುವಾಗ ನಾನು ಜನಕ್ಕೆ ಬೆನ್ನು ಹಾಕಿ ಕೂರಬೇಕು. ಕೆಳಗೆ ಪಾದ್ರಿ ಏನು ಮಾಡುತ್ತಿದ್ದಾರೆ ಎಂದು ಕಾಣಲು ಎದುರಿಗೊಂದು ಕನ್ನಡಿ ಇದೆ. ಅದರಲ್ಲಿ ನೋಡಿದೆ. ಕಚೇರಿಗೆ ಕುರ್ಚಿ ಜೋಡಿಸುತ್ತಿದ್ದ ಪಾದ್ರಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದರು.

ಬೆರಳು ಎತ್ತಿದೆ. ಅವರು ಕೈ ಇಳಿಸಿದರು. ಮತ್ತೆ ಒತ್ತಿದೆ. ಮತ್ತೆ ಮುಚ್ಚಿಕೊಂಡರು. ನನಗೆ ಮಾತ್ರ ಏನೂ ಕೇಳಿಸಲಿಲ್ಲ.

"ಯಾವಾಗಿಂದ?" ಎಂದೆ.

"ಹೋದ ವರ್ಷದಿಂದ. ಪಾದ್ರಿಗಳು ನಿಮಗೆ ಹೇಳ್ಬಿಡ್ತೀನಿ ಅಂತಿದ್ರು. ಈ ಕಚೇರಿ ಒಂದು ಮುಗೀಲಿ ಅಂತ ನಾನೇ ಕೈಮುಗಿದು ತಡೆದೆ."

ಇವನನ್ನು ಎಷ್ಟು ಬೈದಿದ್ದೆ! ನಾಚಿಕೆಯಿಂದ ಅವನ ಮುಖ ನೋಡಲಾಗಲಿಲ್ಲ.

"ನಾಳೆ ನೀನು ಕೂತ್ಕೋ" ಎಂದೆ. "ಮಾತಾಡ್ಬೇಡ, ಕೂತ್ಕೋ ಅಂದೆ."

ಬೆಂಚಿನಿಂದ ಎದ್ದು, ಹಾಳೆ ತಿರುವುವ ಜಾಗಕ್ಕೆ ಹೋಗಿ ನಿಂತೆ.