ಮಾಸ್ಟ್ರ ಮಗಳು

"ಇವತ್ತಾದ್ರೂ ಹೊಟ್ಟೆ ಖಾಲಿ ಆಯ್ತಾ ಸದಾನಂದಣ್ಣ?"

ನರ್ಸ್ ವೆಲಿಟಾ ತುಳುವಿನಲ್ಲಿ ಕೇಳಿದಾಗ ಸದಾನಂದ ಗೋಡೆಯ ಕಡೆ ಮುಖ ತಿರುಗಿಸಿದ. ಆಗಿರಲಿಲ್ಲ. ಇದು ಆರನೆಯ ದಿನ.

ಕುವೈತಿಗೆ ಬಂದು ಹನ್ನೊಂದು ವರ್ಷ ಗಟ್ಟಿಮುಟ್ಟಾಗಿದ್ದವನು ಮೀನಾ ಅಬ್ದುಲ್ಲಾದ ಕಾರ್ಮಿಕರ ಕ್ಯಾಂಪಿನ ಮೆಟ್ಟಿಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡಿದ್ದ. ಆಸ್ಪತ್ರೆಯಲ್ಲಿ ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದರು. ಎಲ್ಲವೂ ಬೆಡ್‌ಪ್ಯಾನಿನಲ್ಲೇ ಆಗಬೇಕು. ಊರಿನವಳಿದ್ದರೆ ಅವನಿಗೂ ಧೈರ್ಯ ಎಂದು ವೆಲಿಟಾಳನ್ನೇ ಹೆಡ್ ನರ್ಸ್ ಅವನ ಆರೈಕೆಗೆ ಹಾಕಿದ್ದರು. ಎಡವಟ್ಟಾದದ್ದೇ ಅಲ್ಲಿ. ವೆಲಿಟಾ ಅವನ ಊರು ಶಿರ್ವದ ಪಾಯಸ್ ಮಾಸ್ಟ್ರ ಮಗಳು. ಕಿವಿ ಹಿಂಡಿ ಅವನಿಗೆ ಮಗ್ಗಿ ಕಲಿಸಿದ ಮಾಸ್ಟ್ರು ಅವರು. ಅವರ ಮಗಳ ಕೈಯಲ್ಲಿ ಅದನ್ನು ಎತ್ತಿಸುವುದೇ?

ಹಾಗಾಗಿ ಮಹಾಶಯ ನೀರು ಬಿಟ್ಟ, ಊಟ ಅರ್ಧ ಮಾಡಿದ. ಒಳಗೆ ಹೋದರೆ ತಾನೇ ಹೊರಗೆ ಬರುವುದು! ಹೊಟ್ಟೆ ಕಲ್ಲಾಯಿತು. ಇವತ್ತು ಎನಿಮಾ ಕೊಡಲೇಬೇಕೆಂದು ಡಾಕ್ಟರು ಹೇಳಿ ಹೋಗಿದ್ದರು. ಕೊಡುವವಳೂ ಅವಳೇ.

ವೆಲಿಟಾ ಜಗ್ ಎತ್ತಿ ನೋಡಿದಳು. ಬೆಳಿಗ್ಗೆ ತುಂಬಿಸಿದ ನೀರು ಹಾಗೇ ಇತ್ತು.

"ಎಂತ ಇದು? ನೀರು ಕುಡಿಯದಿದ್ರೆ ಹೇಗೆ ಆಗುದು?"

"ಗಂಡಸರು ಯಾರೂ ಇಲ್ವಾ?" ಅವನು ಗೋಡೆಗೇ ಕೇಳಿದ.

"ಝಾಕಿರ್ ರಜೆಯಲ್ಲಿದ್ದಾನೆ. ಯಾಕೆ?"

"ನೀವು ಮಾಸ್ಟ್ರ ಮಗಳು..." ನಾಚಿಕೆಗೆ ಕಣ್ಣು ತುಂಬಿತು.

ಅವಳು ಹೊರಟುಹೋದಳು. ಬೇಜಾರಾಯಿತೇನೋ ಎಂದು ಅವನು ಪೇಚಾಡುತ್ತಿದ್ದಾಗ ಪರದೆ ಸರಿಯಿತು. ಮುಖಕ್ಕೆ ಮಾಸ್ಕ್, ತಲೆಗೆ ಟೋಪಿ ಹಾಕಿಕೊಂಡು ಬಂದಿದ್ದಳು.

"ಭಾಯಿಸಾಬ್, ಪಹಲೇ ಪಾನಿ ಪೀಜಿಯೇ."

ಅವನು ಬೆಪ್ಪಾಗಿ ನೋಡಿದ. ಆ ಕಣ್ಣುಗಳಲ್ಲಿ ಗುರುತಿನ ಸುಳಿವೇ ಇರಲಿಲ್ಲ. ಲೋಟ ತೆಗೆದುಕೊಂಡು ಗಟಗಟ ಕುಡಿದ. ಆಮೇಲಿನದ್ದೆಲ್ಲ ಹಿಂದಿಯಲ್ಲೇ ನಡೆಯಿತು. ಊರಿನ ಸುದ್ದಿಯಿಲ್ಲ, ಅಣ್ಣ ಎನ್ನಲಿಲ್ಲ. ಯಾರೋ ಒಬ್ಬ ನರ್ಸ್, ಯಾರೋ ಒಬ್ಬ ರೋಗಿ. ಅರ್ಧ ಗಂಟೆಯಲ್ಲಿ ಆರು ದಿನದ ಭಾರ ಇಳಿಯಿತು. ಅವಳು ಎಲ್ಲವನ್ನೂ ಎತ್ತಿಕೊಂಡು ಹೋದಳು.

ಸಂಜೆ ಹೆಂಡತಿ ಹರಿಣಾಕ್ಷಿಯ ಫೋನ್ ಬಂತು. "ಅಲ್ಲಿ ನಮ್ಮ ಊರಿನವರು ಯಾರಾದ್ರೂ ಇದ್ದಾರಾ?"

ವೆಲಿಟಾ ಪಕ್ಕದಲ್ಲೇ ಜಗ್ಗಿಗೆ ನೀರು ಹಾಕುತ್ತಿದ್ದಳು.

"ಯಾರೂ ಇಲ್ಲ," ಎಂದ ಸದಾನಂದ. "ಒಬ್ಬರು ಹಿಂದಿ ಸಿಸ್ಟರ್ ಇದ್ದಾರೆ. ಮನೆಯವರ ಹಾಗೆ ನೋಡಿಕೊಳ್ತಾರೆ."

ಫೋನ್ ಇಟ್ಟು ಖಾಲಿ ಲೋಟ ಮುಂದೆ ಹಿಡಿದ.

"ಸಿಸ್ಟರ್, ಪಾನಿ."

ಅವಳು ಅಂಚಿನವರೆಗೂ ತುಂಬಿಸಿದಳು.